ಮನೆಯೊಳಕ್ಕೆ ಬಾರದ ಪುಸ್ತಕ

ಬಿಳಿಗೆರೆಯ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ರುದ್ರಮ್ಮ ಟೀಚರು ಎದೆ ನಡುಗಿಸುವ ಕತೆ ಬರೆಯುತ್ತಾಳೆಂದು ನಂಜನಗೂಡಿನಲ್ಲಿ ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. ವಾರಪತ್ರಿಕೆಗಳಲ್ಲಿ ಅವಳ ಹೆಸರು ಆರ್. ಹೆಮ್ಮರಗಾಲ ಎಂದು ಅಚ್ಚಾಗುತ್ತಿತ್ತು. ಕೊಲೆ, ಹೆಣ, ಕತ್ತಲು ಎಂದೆಲ್ಲ ಬರೆಯುವವರು ಗಂಡಸರೇ ಇರಬೇಕೆಂದು ಓದುಗರು ತಾವೇ ತೀರ್ಮಾನ ಮಾಡಿಕೊಂಡು 'ಮಾನ್ಯ ಹೆಮ್ಮರಗಾಲ ಅವರಲ್ಲಿ ವಿಜ್ಞಾಪನೆ' ಎಂದು ಕಾಗದ ಹಾಕುತ್ತಿದ್ದರು. ಒಬ್ಬ ಪುಣ್ಯಾತ್ಮನಂತೂ ತನ್ನ ತಂಗಿಗೆ ವರ ನೋಡುತ್ತಿರುವುದಾಗಿಯೂ, ತಮಗೆ ಇನ್ನೂ ಮದುವೆಯಾಗಿಲ್ಲದಿದ್ದರೆ ದಯವಿಟ್ಟು ಜಾತಕ ಕಳಿಸಬೇಕೆಂದೂ ಬರೆದಿದ್ದ. ರುದ್ರಮ್ಮನ ಗಂಡ ಮಾದಪ್ಪ, ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡುವ ಮನುಷ್ಯ, ಬಲು ತಮಾಷೆಗಾರ. ಆಮೇಲೆ ಒಂದು ತಿಂಗಳು ಊಟಕ್ಕೆ ಕೂತಾಗಲೆಲ್ಲ ಅವನ ಬಾಯಲ್ಲಿ ಅದೇ ಮಾತು.

"ಜಾತ್ಕ ಕಳ್ಸುದ್ರಾ ಮೇಷ್ಟ್ರಮ್ಮ? ಎಣ್ಣು ಒಳ್ಳೆ ಮನೆತನದ್ದಂತೆ."

ಬರೆಯುವುದಕ್ಕೆ ಅವಳಿಗೆ ಮೇಜು ಕುರ್ಚಿಯ ವೈಭವ ಬೇಕಿರಲಿಲ್ಲ. ಮನೆ ನಂಜನಗೂಡಿನಲ್ಲಿ, ಕೆಲಸ ಬಿಳಿಗೆರೆಯಲ್ಲಿ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಬಸ್ಸು ಬರುವ ತನಕ ಶಾಲೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದಳು. ಬಸ್ಸು ಹೇಳಿದ ಹೊತ್ತಿಗೆ ಬಂದರೆ ಗೊಣಗಿಕೊಂಡು ಹತ್ತುತ್ತಿದ್ದಳು. ಲೇಟಾದ ದಿನ ಕತೆಯಲ್ಲಿ ಇನ್ನೊಬ್ಬರು ಸಾಯುತ್ತಿದ್ದರು.

ಇಷ್ಟೆಲ್ಲ ದೆವ್ವದ ಕತೆ ಬರೆದವಳಿಗೆ ದೆವ್ವದಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಇರಲಿಲ್ಲ ಎಂದರೆ ಸಾಲದು, ಆ ಮಾತು ಕೇಳಿದರೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಫಿಟ್ಸ್ ಬಂದು ಬಿದ್ದಳು. ಗಾಳಿ ಸೋಕಿದೆ, ಮಂತ್ರ ಹಾಕಿಸಬೇಕು ಎಂದು ಅವಳ ಅಪ್ಪ ಅಮ್ಮ ಹೊರಟು ನಿಂತಿದ್ದಾಗ ರುದ್ರಮ್ಮ ಅವರ ಮನೆ ಬಾಗಿಲಲ್ಲಿ ನಿಂತು ಬೀದಿಯೆಲ್ಲ ಕೇಳುವಂತೆ ಕೂಗಾಡಿ, ಮೂವರನ್ನೂ ಬಸ್ಸಿಗೆ ಹತ್ತಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಟೀಚರಿಗೆ ಇಷ್ಟು ಸಿಟ್ಟು ಯಾಕೆ ಎಂದು ಬಿಳಿಗೆರೆಯವರಿಗೆ ಅರ್ಥವಾಗಲಿಲ್ಲ.

ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ರುದ್ರಮ್ಮನಿಗೆ ಚೆನ್ನಾಜಮ್ಮ ಎಂಬ ಅಕ್ಕ ಇದ್ದಳು. ಮದುವೆಯಾಗಿ ಹೋದವಳು ಕೂಸು ಹೆತ್ತು, ಅದು ಉಳಿಯದೆ, ಹೆಮ್ಮರಗಾಲದ ತವರಿಗೆ ಬಂದ ಮೇಲೆ ಮತ್ತೆ ಮೊದಲಿನಂತಾಗಲಿಲ್ಲ. ಹಿತ್ತಿಲಲ್ಲಿ ಯಾರೋ ಕರೆಯುತ್ತಿದ್ದಾರೆ ಎನ್ನುತ್ತಿದ್ದಳು. ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದಳು. ಗಾಳಿ ಎಂದು ಊರು ತೀರ್ಪು ಕೊಟ್ಟಿತು. ತಾಯತ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ಹೊಡೆಸಿದರು, ಓಡಿಹೋಗಿ ಎಲ್ಲಾದರೂ ಬಾವಿಗೆ ಬಿದ್ದಾಳು ಎಂದು ಕಡೆಗೆ ದವಸದ ಕೋಣೆಯಲ್ಲಿ ಕೂಡಿ ಚಿಲಕ ಹಾಕಿದರು. ಅಪ್ಪ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಅಣ್ಣ ಶಿವಮಲ್ಲಪ್ಪನದು. ಚಿಲಕ ಹಾಕುವುದೂ ತೆಗೆಯುವುದೂ ಅವನ ಕೈಯಲ್ಲೇ ಇತ್ತು. ಒಂದು ಮಳೆಗಾಲ ಚೆನ್ನಾಜಮ್ಮ ಅದೇ ಕೋಣೆಯಲ್ಲಿ ಸತ್ತಳು.

ರುದ್ರಮ್ಮ ಆಗ ಟಿ. ನರಸೀಪುರದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಸುದ್ದಿ ತಿಳಿದು ಅವಳು ಬರುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ಜ್ವರ ಬಂದಿತ್ತಂತೆ, ಮಲಗಿದವಳು ನಿದ್ದೆಯಲ್ಲೇ ಹೋಗಿದ್ದಳಂತೆ, ಯಾರಿಗೂ ಗೊತ್ತಾಗಲಿಲ್ಲವಂತೆ. ಸತ್ತವರ ಹೆಸರಿನಲ್ಲಿ ಜಂಗಮರನ್ನೂ ನೆಂಟರನ್ನೂ ಕರೆದು ಉಣ್ಣಿಸುವ ಶಿವಗಣಾರಾಧನೆಯನ್ನು ಮನೆ ಮಟ್ಟಿಗೆ ಮಾಡಿ ಕೈತೊಳೆದುಕೊಂಡರು. ಅದಕ್ಕೊಂದು ಪತ್ರಿಕೆ ಕೂಡ ಅಚ್ಚು ಹಾಕಿಸಲಿಲ್ಲ. ಗಾಳಿ ಹಿಡಿದು ಸತ್ತವಳ ಹೆಸರನ್ನು ನಾಲ್ಕೂರಿಗೆ ಸಾರುವುದು ಯಾರಿಗೆ ಬೇಕಿತ್ತು?

ಶಿವಮಲ್ಲಪ್ಪ ಕೆಟ್ಟವನಲ್ಲ. ಇದು ರುದ್ರಮ್ಮನ ಕಷ್ಟವನ್ನು ಇನ್ನೂ ಹೆಚ್ಚು ಮಾಡಿತ್ತು. ಬಾಳೆ ಬೆಳೆದು ಬಂದದ್ದರಲ್ಲಿ ಅವಳನ್ನು ಓದಿಸಿದವನು ಅವನೇ, ಕೈಯಾರೆ ಧಾರೆ ಎರೆದು ಕೊಟ್ಟವನೂ ಅವನೇ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಒಂದು ವರ್ಷವೂ ತಪ್ಪಿಸಿದವನಲ್ಲ. ಮಠದ ಕೆಲಸಕ್ಕೆ ಮುಂದೆ ನಿಲ್ಲುವ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಆದರೆ ಚೆನ್ನಾಜಮ್ಮನ ಹೆಸರು ಎತ್ತಿದರೆ ಕಿವಿ ಕೇಳಿಸದವನಂತೆ ಬೇರೆ ಮಾತು ತೆಗೆಯುತ್ತಿದ್ದ. ಹೀಗೇ ಮೂವತ್ತು ವರ್ಷ ಕಳೆಯಿತು. ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಎದೆಗಾರಿಕೆ, ಬೀದಿಯಲ್ಲಿ ನಿಂತು ಊರವರನ್ನೆಲ್ಲ ಬೈಯುತ್ತಿದ್ದ ರುದ್ರಮ್ಮನಿಗೆ ಇರಲಿಲ್ಲ.

ಅದಕ್ಕೇ ಕಾದಂಬರಿ ಬರೆದಳು. ಸಣ್ಣ ಕತೆಗಳಲ್ಲಿ ಅದು ಹಿಡಿಸುವಂಥದ್ದಲ್ಲ ಎಂದು ತೊಂಬತ್ತನಾಲ್ಕನೇ ಇಸವಿಯಲ್ಲಿ ಶುರು ಮಾಡಿ, ಬರೆದು, ಹರಿದು, ಮತ್ತೆ ಬರೆದು, ಮುಗಿಸುವ ಹೊತ್ತಿಗೆ ಏಳು ವರ್ಷವಾಗಿತ್ತು. ನೀಲಾಂಬಿಕೆ ಎಂಬ ವಿಧವೆ ಹೊಳೆದಂಡೆಯ ಊರೊಂದರಲ್ಲಿ ಒಬ್ಬಳೇ ಇರುತ್ತಾಳೆ. ಒಂದು ದಿನ ಅಂಚೆಯಲ್ಲಿ ಅವಳಿಗೆ ಶಿವಗಣಾರಾಧನೆಯ ಪತ್ರಿಕೆ ಬರುತ್ತದೆ. ಬಿಚ್ಚಿ ನೋಡಿದರೆ ಸತ್ತವರ ಹೆಸರಿನ ಜಾಗದಲ್ಲಿ ಇರುವುದು ಅವಳದೇ ಹೆಸರು. ಇದನ್ನು ಅಚ್ಚು ಹಾಕಿಸಿದವರು ಯಾರು ಎಂದು ಹುಡುಕಿಕೊಂಡು ಹೋದಷ್ಟೂ ಹಿಂಬಾಗಿಲಲ್ಲಿ ಯಾರೋ ಕರೆಯುವುದು ಹೆಚ್ಚಾಗುತ್ತದೆ. ಕೊನೆಗೆ ನೋಡಿದರೆ ಅವಳೇ ಪ್ರೆಸ್ಸಿಗೆ ಹೋಗಿ ಮಾಡಿಸಿದ್ದಾಳೆ, ಮಾಡಿಸಿದ್ದು ಅವಳಿಗೆ ನೆನಪಿಲ್ಲ. ದೆವ್ವವೂ ಇಲ್ಲ, ಗಾಳಿಯೂ ಇಲ್ಲ. ಎಳೆಯ ವಯಸ್ಸಿನಲ್ಲಿ ಅವಳನ್ನು ಕೂಡಿಹಾಕಿದ್ದ ಒಂದು ಕತ್ತಲೆ ಕೋಣೆ, ಮತ್ತು ಆ ಬಾಗಿಲ ಆಚೆ ಕೂತಿದ್ದ ಒಬ್ಬ ಅಣ್ಣ, ಇಷ್ಟೇ ಅದರ ಬುಡ. ಕಾದಂಬರಿಯಲ್ಲಿ ಆ ಅಣ್ಣನಿಗೆ ಅವಳು ಹೆಸರು ಇಟ್ಟಿರಲಿಲ್ಲ.

ಪುಸ್ತಕ ಸಾವಿರ ಜನ ಓದಲಿ ಎಂಬ ಆಸೆ ಯಾವ ಲೇಖಕರಿಗಿಲ್ಲ? ಅವಳಿಗೂ ಇತ್ತು. ಆದರೆ ಸಾವಿರ ಜನ ಓದಿ ಶಿವಮಲ್ಲಪ್ಪ ಒಬ್ಬ ಓದದಿದ್ದರೆ ಬರೆದದ್ದು ದಂಡ ಎಂದೇ ಅವಳ ಲೆಕ್ಕ. ಅವನು ಕ್ಷಮೆ ಕೇಳಬೇಕೆಂದು ಅವಳಿಗೆ ಇರಲಿಲ್ಲ. ಹೊರಗೆ ಕೂತಿದ್ದವನು ಒಂದು ಸಲ ಆ ಬಾಗಿಲ ಒಳಗೆ ಬಂದು ಹೋಗಲಿ, ಅಷ್ಟೇ. ಪೇಪರನ್ನು ಮೇಲಿನಿಂದ ಕೆಳಗಿನ ತನಕ ಓದುವ, ಕತೆ ಎಂದರೆ ಸುಳ್ಳು ಎಂದು ಮುಟ್ಟದ ಅಣ್ಣ ಇದನ್ನು ಹೇಗೆ ಓದುತ್ತಾನೆ ಎಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ಪ್ರಕಾಶಕರ ಕತೆ ಬೇಗ ಮುಗಿಯಿತು. ಮೈಸೂರಿನವರೊಬ್ಬರು ಹಸ್ತಪ್ರತಿಯನ್ನು ಒಂದು ವರ್ಷ ಇಟ್ಟುಕೊಂಡು ಅರ್ಧಕ್ಕೆ ಇಳಿಸಿ ತನ್ನಿ ಎಂದರು. ಬೆಂಗಳೂರಿನವರು, ಆರ್. ಹೆಮ್ಮರಗಾಲ ಹೆಂಗಸೆಂದು ಗೊತ್ತಾದ ಮೇಲೆ, ಅತ್ತೆ ಸೊಸೆಯರ ಕತೆ ಯಾವುದಾದರೂ ಇದ್ದರೆ ಕಳಿಸಿ, ಅದಕ್ಕೆ ಓದುಗರಿದ್ದಾರೆ ಎಂದು ಕಾಗದ ಬರೆದರು. ರುದ್ರಮ್ಮ ಆ ಕಾಗದವನ್ನು ಒಲೆಗೆ ಹಾಕಿ, ಕಟ್ಟುತ್ತಿದ್ದ ಚೀಟಿ ಎತ್ತಿಕೊಂಡು, ನೆಟ್ಟಗೆ ಬಜಾರಿನ ಬಸವೇಶನ ಪ್ರೆಸ್ಸಿಗೆ ಹೋದಳು.

ಬಸವೇಶ್ ಅವಳ ಹಳೆಯ ವಿದ್ಯಾರ್ಥಿ. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ಆರಾಧನೆ, ಇವಿಷ್ಟೇ ಅವನ ಪ್ರೆಸ್ಸಿನ ಸಾಹಿತ್ಯ. ಮುನ್ನೂರು ಪುಟದ ಪುಸ್ತಕ ಎಂದು ಕೇಳಿ ಹುಡುಗ ಕುರ್ಚಿಯಿಂದ ಎದ್ದು ನಿಂತ.

"ಮಾಡ್ಕೊಡ್ತೀನಿ ಟೀಚರ್. ಆದ್ರೆ ಈಗ ಲಗ್ನದ ಸೀಜನ್ನು, ಮಿಷನ್ನು ಉಸುರಾಡಕೂ ಬಿಡುವಿಲ್ಲ. ಆಷಾಢ ಬರ್ಲಿ. ಮದ್ವೆ ಇರಲ್ಲ, ಏನೂ ಇರಲ್ಲ, ಸುಮ್ನೆ ನೊಣ ಹೊಡ್ಕಂಡು ಕುಂತಿರ್ತೀವಿ. ಆಗ ನಿಮ್ ಪುಸ್ತಕನೇ ಕೆಲ್ಸ."

ಹಾಗಾಗಿ ನೀಲಾಂಬಿಕೆಯ ಕತೆ ಎರಡು ಸಾವಿರದ ಮೂರನೇ ಇಸವಿಯ ಆಷಾಢಕ್ಕೆ ಕಾದು ಅಚ್ಚಾಯಿತು. ಶಾಲೆ ಮುಗಿಸಿ ಬಂದವಳು ಪ್ರೆಸ್ಸಿನ ಸ್ಟೂಲಿನ ಮೇಲೆ ಕೂತು ಪ್ರೂಫ್ ತಿದ್ದುತ್ತಿದ್ದಳು. ಬಸವೇಶ್ ಓದುತ್ತ ಓದುತ್ತ ಮಿಷನ್ನು ನಿಲ್ಲಿಸಿ, "ಟೀಚರ್, ಆ ಹಿಂಬಾಗ್ಲಲ್ಲಿ ಇರೋದು ಯಾರು ಹೇಳ್ಬುಡಿ, ನಂಗೆ ತಡ್ಕಳಕಾಯ್ತಿಲ್ಲ," ಎನ್ನುತ್ತಿದ್ದ. ಅವಳು ಹಿಂದೆ ಮಗ್ಗಿ ತಪ್ಪಿದಾಗ ನೋಡುತ್ತಿದ್ದ ಹಾಗೆ ಒಂದು ಸಲ ನೋಡಿದರೆ ಸಾಕು, ಮಿಷನ್ನು ಮತ್ತೆ ಓಡುತ್ತಿತ್ತು.

ಮುಖಪುಟದ ಮಾತು ಬಂದದ್ದು ಎಲ್ಲಕ್ಕಿಂತ ಕೊನೆಗೆ. ತಲೆಬುರುಡೆ ಹಾಕೋಣ, ಕತ್ತಲಲ್ಲಿ ಎರಡು ಕಣ್ಣು ಹಾಕೋಣ, ರಕ್ತದಲ್ಲಿ ಅದ್ದಿದ ಕೈ ಹಾಕೋಣ ಎಂದು ಬಸವೇಶ್ ಒಂದೊಂದೇ ಹೇಳಿದ. ರುದ್ರಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಮೇಜಿನ ಮೇಲೆ ಯಾರದೋ ಆರಾಧನೆಯ ಪತ್ರಿಕೆಗಳು ಆರುತ್ತಿದ್ದವು. ಸುತ್ತ ಕಪ್ಪು ಗೆರೆ, ಮೇಲೆ ಗುರುಸ್ತುತಿ, ನಡುವೆ ಇಂಥವರು ಇಂಥ ದಿನ ಲಿಂಗೈಕ್ಯರಾದ ಪ್ರಯುಕ್ತ, ಕೆಳಗೆ ದುಃಖತಪ್ತರು. ಅವಳ ಕಣ್ಣು ಅಲ್ಲೇ ನಿಂತಿತು.

"ಇದನ್ನೇ ಹಾಕು ಬಸವೇಶ. ಒಂದು ಗೆರೆನೂ ಬದಲಾಯಿಸಬೇಡ. ಹೆಸರು ಮಾತ್ರ ನೀಲಾಂಬಿಕೆ."

"ಅಬ್ಬಾ! ಟೀಚರ್, ಕೈಗೆ ತಗಂಡೋರಿಗೆ ಜುಮ್ಮನ್ನಬೇಕು!" ಎಂದು ಹುಡುಗ ಕುಣಿದಾಡಿದ.

ಅವಳಿಗೂ ಜುಮ್ಮೆಂದಿತ್ತು, ಕಾರಣ ಮಾತ್ರ ಬೇರೆ. ಅಕ್ಕನಿಗೆ ಯಾರೂ ಮಾಡಿಸದೇ ಹೋದ ಪತ್ರಿಕೆ ಇದು, ಈಗ ಐನೂರು ಪ್ರತಿ ಅಚ್ಚಾಗುತ್ತದೆ ಎಂದು ಅವಳಿಗೆ ಎದೆ ತುಂಬಿ ಬಂದಿತ್ತು. ಆ ಖುಷಿಯಲ್ಲಿ ಇಬ್ಬರೂ ಒಂದು ವಿಷಯ ಮರೆತರು. ಗೊತ್ತಿಲ್ಲದ ವಿಷಯವಲ್ಲ, ಈ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ವಿಷಯ. ಸಾವಿನ ಕಾಗದ ಬಂದರೆ ಅದನ್ನು ಹೊಸಿಲು ದಾಟಿಸುವುದಿಲ್ಲ. ಹೊರಗೇ ನಿಂತು ಓದಿ, ಯಾರು, ಯಾವತ್ತು, ಎಲ್ಲಿ ಎಂದು ಮನಸ್ಸಿನಲ್ಲಿಟ್ಟುಕೊಂಡು, ಅಲ್ಲೇ ಹರಿದು ಬಿಸಾಡಿ ಕೈಕಾಲು ತೊಳೆದು ಒಳಗೆ ಹೋಗಬೇಕು. ಇಟ್ಟುಕೊಂಡರೆ ಮನೆಗೆ ಇನ್ನೊಂದು ಬರುತ್ತದೆ ಎಂದು ಭಯ. ಪುಸ್ತಕ ಎಂದರೆ ಪುಸ್ತಕವಷ್ಟೇ ಎಂದುಕೊಂಡ ಟೀಚರಿಗೂ ಹೊಳೆಯಲಿಲ್ಲ, ದಿನ ಬೆಳಗಾದರೆ ಆ ಕಾಗದ ಅಚ್ಚು ಹಾಕುವ ಬಸವೇಶನಿಗೂ ಹೊಳೆಯಲಿಲ್ಲ.

ಮೊದಲು ಹೊಳೆದದ್ದು ಪಕ್ಕದ ಮನೆಯ ರಾಮಮ್ಮನಿಗೆ. ಆಟೋದಿಂದ ಇಳಿಸಿ ನಡುಮನೆಯಲ್ಲಿ ಪೇರಿಸಿದ್ದ ಪುಸ್ತಕ ನೋಡೋಣವೆಂದು ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಬಂದವಳು ಬಾಗಿಲಲ್ಲೇ ನಿಂತಳು.

"ಯಾರು ಟೀಚರೇ ಓಗ್ಬುಟ್ಟೋರು?"

"ಯಾರೂ ಇಲ್ಲ ಕಣ್ರೀ. ನಾನು ಬರೆದ ಪುಸ್ತಕ, ಅದರ ಮುಖಪುಟ ಹಾಗೆ."

"ಅಯ್ಯೋ ಸಿವ್ನೇ! ಒಬ್ರುದ್ದಾದ್ರೆ ಆಯ್ತು, ಇಷ್ಟೊಂದು ಸಾವಿನ ಕಾಗ್ದನಾ ಮನೆ ವಳಿಕೆ ತಂದ್ ಪೇರ್ಸ್ಕಂಡಿದ್ದೀರಲ್ಲ!"

ಮೊಸರು ಮರೆತು ಹೋದ ರಾಮಮ್ಮ ತಲೆಗೆ ನೀರು ಹಾಕಿಕೊಂಡ ಸದ್ದು ಈ ಕಡೆಗೆ ಕೇಳಿಸಿತು. ಮಾದಪ್ಪ ಪುಸ್ತಕಗಳನ್ನೆಲ್ಲ ಹೊತ್ತುಕೊಂಡು ಹೋಗಿ ಹೊರಗಡೆ ಸ್ಕೂಟರ್ ನಿಲ್ಲಿಸುವ ಶೆಡ್ಡಿನಲ್ಲಿಟ್ಟ. ಹೆಂಡತಿಯ ಮುಖ ನೋಡಿ ಆ ದಿನ ತಮಾಷೆಯನ್ನೂ ಮಾಡಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಪೇಪರ್ ಅಂಗಡಿ ಇಟ್ಟಿದ್ದ ಶಂಕರನಾರಾಯಣ ದಾಕ್ಷಿಣ್ಯದ ಮನುಷ್ಯ. ಬೇಡ ಎನ್ನಲಾರದೆ ಒಂದಷ್ಟು ಪ್ರತಿ ತೆಗೆದುಕೊಂಡು ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟರು. ವಾರ ಕಳೆದು ರುದ್ರಮ್ಮ ವಿಚಾರಿಸಲು ಹೋದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಏನು ಹೇಳಲಮ್ಮ, ನಿಮ್ಮ ಪುಸ್ತಕ ಓದದೆ ಇರೋರು ಈ ಊರಲ್ಲೇ ಇಲ್ಲ. ಆದರೆ ಮುಖಪುಟ ಮಾತ್ರ ಓದ್ತಾರೆ. ಬಸ್ಸಿಳಿದೋರೆಲ್ಲ ಇಲ್ಲಿ ನಿಂತ್ಕೊಂಡು ಓದಿ, ಈ ನೀಲಾಂಬಿಕೆ ಯಾವೂರೋರು ಸ್ವಾಮಿ, ಪಾಪ, ಏನಾಗಿತ್ತಂತೆ ಅಂತ ನನ್ನ ಕೇಳ್ತಾರೆ. ಕಳಲೆಯೋರೊಬ್ಬರು ಊಟಕ್ಕೆ ಎಲ್ಲಿಗೆ ಬರಬೇಕು ಅಂತ ವಿಳಾಸ ಬರ್ಕೊಂಡು ಹೋದರು. ಅವರಿಗೆ ಇದು ಪುಸ್ತಕ ಅಂತ ಹೇಳೋಷ್ಟರಲ್ಲಿ ಅವರ ಬಸ್ಸು ಹೊರಟು ಹೋಯ್ತು."

ಅಲ್ಪಸ್ವಲ್ಪ ಮಾರಾಟವಾದದ್ದೂ ಮನೆ ಸೇರಲಿಲ್ಲ. ಕೊಂಡವರು ಬಸ್ಸಿನಲ್ಲಿ ಓದಿ, ಇಳಿಯುವಾಗ ಸೀಟಿನ ಮೇಲೆ ಬಿಟ್ಟು ಹೋಗುತ್ತಿದ್ದರು. ಇಲ್ಲವೇ ಮುಖಪುಟ ಕಿತ್ತು ಬಿಸಾಕಿ, ಬೋಳು ಪುಸ್ತಕವನ್ನು ಕಟಿಂಗ್ ಶಾಪಿನಲ್ಲೋ ರೈಸ್ ಮಿಲ್ಲಿನಲ್ಲೋ ಇಟ್ಟುಕೊಂಡು ಓದುತ್ತಿದ್ದರು. ಶಾಲೆಯ ಸಹೋದ್ಯೋಗಿಗಳು ಗೌರವಕ್ಕೆ ಒಂದೊಂದು ಕೊಂಡು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ರುದ್ರಮ್ಮನಿಗೆ ಮೊದಮೊದಲು ಅವಮಾನವಾಯಿತು. ಆಮೇಲೆ ಒಂದು ಭಾನುವಾರ ಕೈಚೀಲದಲ್ಲಿ ಪುಸ್ತಕ ಹಾಕಿಕೊಂಡು, ಅಲ್ಲಿಯ ಅಂಗಡಿಯಲ್ಲಾದರೂ ಇಟ್ಟುಕೊಳ್ಳುತ್ತಾರೇನೋ ನೋಡೋಣ ಎಂದು ಟಿ. ನರಸೀಪುರಕ್ಕೆ ಹೋದಳು. ಬಸ್ ಸ್ಟ್ಯಾಂಡಿನ ಹತ್ತಿರ ತಿಮ್ಮಯ್ಯ ಎಂಬ ಮುದುಕ ಟೈಲರು ಹೊಲಿಗೆ ಮಿಷನ್ನಿನ ಮೇಲೆ ಮೊಣಕೈ ಊರಿಕೊಂಡು ಏನೋ ಓದುತ್ತಿದ್ದ. ಗಿರಾಕಿ ಬಂದು ನಿಂತರೂ ತಲೆ ಎತ್ತಲಿಲ್ಲ. ಮುಖಪುಟವಿಲ್ಲದ, ನಡುವೆ ಕಡ್ಲೇಕಾಯಿ ಸಿಪ್ಪೆ ಸಿಕ್ಕಿಕೊಂಡಿದ್ದ ಆ ಪುಸ್ತಕ ಯಾವುದೆಂದು ದೂರದಿಂದಲೇ ಅವಳಿಗೆ ಗೊತ್ತಾಯಿತು.

"ಏನಪ್ಪಾ ಅಂಥದ್ದು ಓದ್ತಾ ಇದ್ದೀರಿ?" ಎಂದು ಕೇಳಿದಳು.

"ಯಾರೋ ಬಸ್ನಲ್ಲಿ ಬುಟ್ಟೋಗಿದ್ರು ಕಣವ್ವ. ಸಾವಿನ ಕಾಗ್ದ ಇತ್ತಂತೆ ಮ್ಯಾಲೆ, ಕಂಡಕ್ಟ್ರು ಕಿತ್ತಾಕಿ ಕೊಟ್ಟ. ಮನ್ಗೆ ತಗಂಡೋಗಕಾಗಲ್ಲ, ಅಂಗಂತ ಬುಡಕೂ ಆಗಲ್ಲ. ಪಾಪ ಆ ಎಣ್ಮಗೂಗೆ ಏನಾಯ್ತೋ ತಿಳ್ಕಳ್ದೆ ಸೂಜಿಗ್ ದಾರ ಏರ್ಸಕಾಯ್ತಿಲ್ಲ."

ಬರೆದವಳು ತಾನೇ ಎಂದು ಅವಳು ಹೇಳಲಿಲ್ಲ. ಚೀಲದಲ್ಲಿದ್ದ ಪುಸ್ತಕ ಯಾವ ಅಂಗಡಿಗೂ ಕೊಡದೆ ಮರೆತು, ಬಸ್ಸಿನ ಕಿಟಕಿಯಲ್ಲಿ ಒಬ್ಬಳೇ ನಗುತ್ತ ಊರಿಗೆ ಬಂದಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ, ಮಾದಪ್ಪ ಬೇಸರ ಮಾಡಿಕೊಳ್ಳದಿದ್ದರೆ ಹೇಳುವ ಮಾತು.

ಚಪ್ಪಲಿ ಬಿಡುವ ಹೊತ್ತಿಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಹೆಮ್ಮರಗಾಲದಿಂದ ಅತ್ತಿಗೆ ಜವರಮ್ಮ.

ಅಣ್ಣನಿಗೆ ಪುಸ್ತಕವನ್ನು ಅವಳು ಮೊದಲೇ ಅಂಚೆಯಲ್ಲಿ ಕಳಿಸಿದ್ದಳು. ಕೈಗೆ ಕೊಡಲು ಧೈರ್ಯ ಸಾಲದೆ, ಜೊತೆಗೆ ಒಂದು ಚೀಟಿ ಬರೆಯಲೂ ತೋಚದೆ, ಬರಿಯ ಪುಸ್ತಕ ಕಳಿಸಿದ್ದಳು. ಊರಿನವರ ಮನೆಯಲ್ಲಿ ಆಗುತ್ತಿದ್ದದ್ದನ್ನೆಲ್ಲ ಕಂಡ ಮೇಲಾದರೂ ಅಣ್ಣನ ಮನೆಯಲ್ಲೂ ಹಾಗೇ ಆಗುತ್ತದೆಂದು ಹೊಳೆಯಬೇಕಿತ್ತು. ಆದರೆ ಕಳಿಸಿದ್ದು ಪುಸ್ತಕ ಮನೆಗೆ ಬಂದ ದಿನವೇ, ರಾಮಮ್ಮ ಮೊಸರಿಗೆ ಬರುವ ಮೊದಲೇ.

"ಏನಮ್ಮಿ, ಅದೆಂತ ಕಾಗ್ದ ಕಳ್ಸಿದ್ದೆ ನಿಮ್ಮಣ್ಣಂಗೆ?" ಎಂದಳು ಜವರಮ್ಮ. "ಪೋಸ್ಟು ಬಂದಾಗ ಜಗ್ಲಿ ಮ್ಯಾಲೆ ಕುಂತಿದ್ರು. ಬುಚ್ಚುದ್ರು, ಓದುದ್ರು, ಪರ್ನೆ ಅರ್ದು ತಿಪ್ಗೆ ಎಸ್ದು ನೀರುಯ್ಕಂಡ್ರು. ಯಾರಮ್ಮಿ ಆ ನೀಲಾಂಬ್ಕೆ? ನಿನ್ ಗಂಡನ್ ಕಡೆಯೋರಾ?"

"ಅದು ಪುಸ್ತಕ ಕಣತ್ತಿಗೆ. ಒಳಗೆ ತೆಗೆದು ನೋಡಲಿಲ್ವಾ ಅಣ್ಣ?"

"ಇಂದ್ಗಡೆ ಏನೋ ದಪ್ಪುಕ್ಕಿತ್ತು. ಕೊಟ್ಗೆ ಕಡೀಕೆ ಬಿಸಾಕುದ್ರು. ಈಗ ಆರಾಧ್ನೆಗೆ ಓಗ್ಬೇಕಾ ಬ್ಯಾಡ್ವಾ ಯೋಳು."

ರುದ್ರಮ್ಮ ಫೋನ್ ಇಟ್ಟು ಅಲ್ಲೇ ನೆಲದ ಮೇಲೆ ಕೂತಳು. ಊರೆಲ್ಲ ಹೊಸಿಲ ಆಚೆ ನಿಂತು ಓದಿದರೆ ಓದಲಿ, ಹರಿದರೆ ಹರಿಯಲಿ. ಆದರೆ ಯಾರೊಬ್ಬರಿಗಾಗಿ ಏಳು ವರ್ಷ ಬರೆದಳೋ ಅವರು ಒಂದು ಹಾಳೆ ತಿರುಗಿಸದ ಹಾಗೆ ಮಾಡಿದ್ದು ಬೇರೆ ಯಾರೂ ಅಲ್ಲ, ಅವಳದೇ ಜಾಣತನ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಅವಳಿಗೆ ಸಿಟ್ಟು ಬಂತು.

"ಅದಕ್ಯಾಕೆ ಇಷ್ಟು ಯೋಚ್ನೆ?" ಎಂದ ಮಾದಪ್ಪ. "ಇನ್ನೊಂದಕ್ಕೆ ಮಕ್ಳ ಪುಸ್ತಕಕ್ಕೆ ಹಾಕೋ ಕಾಕಿ ಬೈಂಡು ಹಾಕ್ಕೊಡು, ನಾನೇ ತಗಂಡೋಗಿ ಕೈಲಿಟ್ಟು ಬತ್ತೀನಿ."

ಅವಳು ಒಪ್ಪಲಿಲ್ಲ. ಒಂದು ಸಲ ಕಳಿಸಿದರೆ ತಂಗಿ ಬರೆದದ್ದು ಎಂದಾಗುತ್ತದೆ, ಎರಡನೇ ಸಲ ಕಳಿಸಿದರೆ ಬೇಕೆಂದೇ ಕೇಳುತ್ತಿದ್ದಾಳೆ ಎಂದಾಗುತ್ತದೆ. ಅವಳು ಜೀವಮಾನದಲ್ಲಿ ಕೂಡಿಸಿಕೊಂಡಿದ್ದ ಧೈರ್ಯ ಒಂದು ಸಲಕ್ಕೆ ಮಾತ್ರ ಸಾಕಾಗುವಷ್ಟಿತ್ತು. ಅದು ಕೊಟ್ಟಿಗೆಯ ಮೂಲೆಗೆ ಹೋಗಿ ಬಿತ್ತು.

ಉಳಿದ ಪ್ರತಿಗಳಿಗೆ ಬಸವೇಶ್ ತಾನಾಗಿಯೇ ಹೊಸ ಮುಖಪುಟ ಹೊದಿಸಿಕೊಟ್ಟ. ಹೊಳೆಯ ಸೋಪಾನ, ಸಂಜೆಯ ಸೂರ್ಯ, ಸೆರಗು ಹೊದ್ದು ನಿಂತ ಹೆಂಗಸು. ಪುಸ್ತಕ ಮನೆಗಳ ಒಳಗೆ ಹೋಗತೊಡಗಿತು. ಮೊದಲಿನಷ್ಟು ಹೆದರಿಕೆಯಾಗುವುದಿಲ್ಲ ಎಂದು ಕೆಲವರು ಶಂಕರನಾರಾಯಣರ ಹತ್ತಿರ ದೂರಿದರಂತೆ. ರುದ್ರಮ್ಮ ಆ ಕಡೆ ತಲೆ ಹಾಕಲಿಲ್ಲ. ಬಸ್ಸು ಎಷ್ಟು ಲೇಟಾದರೂ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ಬಂತು, ಅಣ್ಣ ಬರಲಿಲ್ಲ. ಕೆಲಸದ ಆಳಿನ ಕೈಯಲ್ಲಿ ಕಳಿಸಿದ್ದ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಶಿವಮಲ್ಲಪ್ಪ ರಸಬಾಳೆಯ ಗೊನೆ ಹೊತ್ತುಕೊಂಡು ತಾನೇ ಬಂದ. ದೇವಸ್ಥಾನಕ್ಕೆ ಬಂದಿದ್ದನಂತೆ, ಹಣೆಯ ತುಂಬ ವಿಭೂತಿ ಇತ್ತು. ಕಾಫಿ ಕುಡಿದ. ನಾಲೆಯಲ್ಲಿ ನೀರು ಬಿಡದ್ದನ್ನು ಹೇಳಿದ, ಮಠದ ಜಮೀನಿನ ತಕರಾರು ಹೇಳಿದ, ಮಾದಪ್ಪನ ಜೊತೆ ಕರೆಂಟಿನವರನ್ನೆಲ್ಲ ಬೈದ. ಮಾದಪ್ಪ ಬಾವನ ಊಟಕ್ಕೆ ತರಕಾರಿ ತರುತ್ತೇನೆಂದು ಚೀಲ ಹಿಡಿದು ಹೊರಟ. ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ ಉಳಿದರು.

"ನಿನ್ ಪುಸ್ತಕ ಓದ್ದೆ," ಎಂದ ಶಿವಮಲ್ಲಪ್ಪ.

ರುದ್ರಮ್ಮ ತೊಳೆಯಲು ಎತ್ತಿದ್ದ ಕಾಫಿ ಲೋಟವನ್ನು ಮತ್ತೆ ಕೆಳಗಿಟ್ಟಳು. "ಹರಿದಾಕ್ದೆ ಅಂದ್ರಲ್ಲ ಅತ್ತಿಗೆ."

"ಕಾಗ್ದ ಅರ್ದಾಕ್ದೆ. ಮಿಕ್ಕಿದ್ದು ಕೊಟ್ಗೇಲಿ ಬಿದ್ದಿತ್ತು. ಅಸ ಈಯ್ತದೆ ಅಂತ ಕಾಯ್ಕಂಡು ಕುಂತಿದ್ದೆ, ಸುಮ್ಕೆ ಎತ್ಕಂಡೆ. ಬುಡಕಾಗ್ನಿಲ್ಲ. ಕರ ಆದ್ ಮ್ಯಾಲೂ ದಿನಾ ಅಲ್ಲೇ ಕುಂತ್ಕಂಡು ಓದ್ದೆ."

ಆಮೇಲೆ ಅವನು ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ.

"ರೇಡಿಯೋ ಇಸ್ಯ ನಿಂಗ್ಯಾರಮ್ಮಿ ಯೋಳುದ್ರು?"

ಕಾದಂಬರಿಯ ಕೊನೆಯಿಂದ ಎರಡನೆಯ ಅಧ್ಯಾಯದಲ್ಲಿ ಆ ಹೆಸರಿಲ್ಲದ ಅಣ್ಣ ಕೋಣೆಯ ಹೊರಗೆ ಕೂತಿರುತ್ತಾನೆ. ಒಳಗಿನಿಂದ ತಂಗಿ ಬಾಗಿಲು ಬಡಿಯುತ್ತಾಳೆ. ಅವನು ಏಳುವುದಿಲ್ಲ. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟಿದ್ದ ರೇಡಿಯೋವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬಡಿಯುವುದು ಹೆಚ್ಚಾದಷ್ಟೂ ಜೋರು ಮಾಡುತ್ತಾನೆ. ಇದು ರುದ್ರಮ್ಮ ನೋಡಿದ್ದಲ್ಲ, ಕೇಳಿದ್ದಲ್ಲ. ಅಕ್ಕ ನಿದ್ದೆಯಲ್ಲೇ ಹೋದಳು ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು. ಬಾಗಿಲ ಹೊರಗೆ ಕೂತವನ ಕೈ ಖಾಲಿ ಇದ್ದರೆ ದೃಶ್ಯ ಸಪ್ಪೆಯಾಗುತ್ತದೆ ಎಂದು ರೇಡಿಯೋ ಕೊಟ್ಟಿದ್ದಳು. ಅಣ್ಣನಿಗೆ ಅನ್ಯಾಯ ಮಾಡುತ್ತಿದ್ದೇನೆ ಎಂದು ಪ್ರೂಫ್ ನೋಡುವಾಗ ಆ ಪುಟವನ್ನು ಹೊಡೆದುಹಾಕಲೂ ಹೋಗಿದ್ದಳು.

"ಅವ್ವಂಗೂ ಗೊತ್ತಿರ್ನಿಲ್ಲ," ಎಂದ ಅಣ್ಣ. "ಪಡಸಾಲೇಲಿ ನಾನೊಬ್ನೇ ಇದ್ದುದ್ದು. ನೀನು ನರ್ಸೀಪುರ್ದಲ್ಲಿದ್ದೆ. ಯಾರ್ ಯೋಳುದ್ರು ನಿಂಗೆ?"

ನಿನಗೆ ತಿಳಿಯದ ಹಾಗೆ ಅವ್ವನಿಗೂ ಗೊತ್ತಿತ್ತು, ಅವಳೇ ಹೇಳಿದಳು ಎಂದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವ್ವ ಸತ್ತು ಎಷ್ಟೋ ವರ್ಷವಾಗಿತ್ತು. ರುದ್ರಮ್ಮನಿಗೆ ಆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಯಾರೂ ಹೇಳ್ಲಿಲ್ಲ ಕಣಣ್ಣ. ಅದು ನಾನು ಕಟ್ಟಿ ಬರೆದದ್ದು."

ಶಿವಮಲ್ಲಪ್ಪ ತಲೆ ಎತ್ತಿ ಅವಳನ್ನು ನೋಡಿದ. ಮೂವತ್ತು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದನ್ನು, ಏನೂ ಗೊತ್ತಿಲ್ಲದವಳ ಮುಂದೆ ತಾನೇ ಹೇಳಿಬಿಟ್ಟೆ ಎಂದು ಅವನಿಗೆ ಆಗ ಅರ್ಥವಾಯಿತು. ಇನ್ನೂ ಮಾತು ತಿರುಗಿಸಬಹುದಿತ್ತು. ಅವನು ತಿರುಗಿಸಲಿಲ್ಲ.

"ಅಂಗಾರೆ ಒಂದ್ ಕಡೆ ತೆಪ್ಪು ಬರ್ದಿದ್ದೀಯ," ಎಂದ. "ಬಾಗ್ಲು ಬಡಿದ್ಲು ಅಂತ ಬರ್ದಿದ್ದೀಯ. ಬಡೀನಿಲ್ಲ ಕಣಮ್ಮಿ. ಬಡಿಯೋ ಅಷ್ಟು ಸಕ್ತಿ ಎಲ್ಲಿತ್ತು ಅವಳ್ಗೆ? ನೀರು ಅಂದ್ಲು. ಅಣ್ಣಯ್ಯ, ನೀರು ಅಂದ್ಲು. ಬಾಗ್ಲು ತಗುದ್ರೆ ಓಡೋಯ್ತಳೆ ಅಂದ್ಕಂಡೆ. ಓಡೋಗಕ್ಕೆ ಅಂತ್ಲೇ ಕೇಳ್ತಾವ್ಳೆ ಅಂದ್ಕಂಡೆ."

ಅಣ್ಣ ಓದಿದರೆ ಕೇಳಬೇಕೆಂದು ರುದ್ರಮ್ಮ ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದಳು. ಆ ಮಾತುಗಳಿಗೆಲ್ಲ ಈಗ ಅರ್ಥವಿರಲಿಲ್ಲ. ಇಷ್ಟು ವರ್ಷ ಏನೇ ಸಿಟ್ಟು ಮಾಡಿಕೊಂಡಿದ್ದರೂ, ಅಕ್ಕ ನಿದ್ದೆಯಲ್ಲೇ ಹೋದಳಲ್ಲ, ನರಳಲಿಲ್ಲವಲ್ಲ ಎಂಬ ಒಂದು ಸಮಾಧಾನವನ್ನು ಒಳಗೊಳಗೇ ಇಟ್ಟುಕೊಂಡಿದ್ದಳು. ಅದು ಹೋಯಿತು. ಆ ದಿನ ಇವನು ಪುಸ್ತಕವನ್ನೂ ಪೂರ್ತಿ ಹರಿದು ತಿಪ್ಪೆಗೆ ಹಾಕಿದ್ದರೆ ಚೆನ್ನಾಗಿತ್ತು ಎಂದು, ಓದಲಿ ಓದಲಿ ಎಂದು ಹಂಬಲಿಸಿದ್ದ ಅವಳಿಗೇ ಅನ್ನಿಸಿತು.

ಶಿವಮಲ್ಲಪ್ಪ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. ವಿಭೂತಿ ಅಳಿಸಿಹೋಯಿತು.

"ಮತ್ತೊಂದ್ಸಲ ಅಚ್ಚಾಕ್ಸುದ್ರೆ ಅದನ್ನ ತಿದ್ದು," ಎಂದ. "ನೀರ್ ಕೇಳುದ್ಲು ಅಂತ್ಲೇ ಬರಿ. ಕೊಡ್ನಿಲ್ಲ ಅಂತ್ಲೂ ಬರಿ."

ರುದ್ರಮ್ಮ ಆಗಲಿ ಎಂದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದ್ದಳು. ಅವಳ ಅಳು ನಿಲ್ಲುವ ತನಕ ಅಣ್ಣ ಅಲ್ಲೇ ಕೂತಿದ್ದ.